ಗೇರ್‌ಬಾಕ್ಸ್ ಇಳಿಸುವ ಮೊದಲು: ಹಳೆಯ ಪಿಕಪ್‌ನಲ್ಲಿ ಗೇರ್ ಹಾರುವ ದೋಷವನ್ನು ಪತ್ತೆ ಮಾಡುವ ಬಗೆ

ದೇವಿಮನೆ ಘಟ್ಟ ಇಳಿಯುವಾಗ ಮೂರನೇ ಗೇರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತದೆ ಎಂಬ ದೂರಿನೊಂದಿಗೆ ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ಹಳೆಯ ಪಿಕಪ್ ಕುಮಟಾದ ನನ್ನ ಗ್ಯಾರೇಜಿಗೆ ಬಂತು. ಶಿರಸಿ ಕಡೆಯ ಹುಡುಗ. ಇಳಿಯುವಾಗ ಬಾಳೆಗೊನೆ, ಹತ್ತುವಾಗ ಚಿರೆಕಲ್ಲು. ವರ್ಷವಿಡೀ ಅದೇ ಘಟ್ಟ. ಬೇರೊಂದು ಕಡೆ ತೋರಿಸಿದಾಗ ಗೇರ್‌ಬಾಕ್ಸ್ ಸವೆದುಹೋಗಿದೆ, ಪೂರ್ತಿ ಬದಲಿಸಬೇಕು ಎಂದಿದ್ದರಂತೆ.

"ಗುಜರಿಯಲ್ಲಿ ಒಂದು ಬಾಕ್ಸ್ ನೋಡಿಟ್ಟಿದ್ದೇನೆ ಅಣ್ಣ. ನೀವು ಇದನ್ನು ಇಳಿಸಿ ಅದನ್ನು ಏರಿಸಿಕೊಟ್ಟರೆ ಸಾಕು" ಎಂದ.

"ಇಳಿಸಿ ಏರಿಸುವುದಕ್ಕೆ ಒಂದಿಡೀ ದಿನ ಬೇಕು ತಮ್ಮ. ಇಳಿಸಬೇಕೋ ಬೇಡವೋ ಎಂದು ನೋಡುವುದಕ್ಕೆ ಒಂದು ಗಂಟೆ ಸಾಕು. ಮೊದಲು ಆ ಗಂಟೆ ಕೊಡು" ಎಂದೆ.

ನಾನು ಹೀಗೆ ಹಟ ಹಿಡಿಯುವುದಕ್ಕೆ ಕಾರಣವಿದೆ. ಸ್ವಂತ ಗ್ಯಾರೇಜು ತೆರೆದ ಹೊಸತರಲ್ಲಿ ಸಿದ್ದಾಪುರದ ಕಡೆಯ ಅಡಿಕೆ ತೋಟದವರೊಬ್ಬರು ಗಾಡಿ ತಂದಿದ್ದರು. ವೇಗ ನಲವತ್ತು ಕಿ.ಮೀ. ದಾಟಿದರೆ ತಳದಿಂದ ಗೊರಗೊರ ಸದ್ದು. ಗೇರ್‌ಬಾಕ್ಸ್‌ನದೇ ಎಂದು ಅವರು ಹೇಳಿದರು, ನಾನೂ ಹೌದೆಂದೆ. ಇಳಿಸಿ, ಬಿಚ್ಚಿ, ಬೇರಿಂಗ್‌ಗಳನ್ನೆಲ್ಲ ಬದಲಿಸಿ ಏರಿಸಿದೆ. ಸದ್ದು ಹಾಗೆಯೇ ಉಳಿಯಿತು. ದೋಷವಿದ್ದದ್ದು ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಸೆಂಟರ್ ಬೇರಿಂಗ್‌ನಲ್ಲಿ, ಗೇರ್‌ಬಾಕ್ಸನ್ನು ಮುಟ್ಟದೆಯೇ ಬದಲಿಸಬಹುದಾದ ಒಂದು ವಸ್ತುವಿನಲ್ಲಿ. ಕೂಲಿಯನ್ನು ಮರಳಿಸಿದೆ. ಆದರೆ ಅಡಿಕೆ ಗೊನೆ ಕೊಯ್ಯುವ ಸಮಯದಲ್ಲಿ ಅವರು ಕಳೆದುಕೊಂಡ ಮೂರು ದಿನಗಳನ್ನು ಮರಳಿಸಲು ನನ್ನಿಂದ ಆಗಲಿಲ್ಲ. ಅಂದಿನಿಂದ ಗಾಡಿ ಎಲ್ಲಿ ನೋಯುತ್ತಿದೆ ಎಂದು ಗಾಡಿಯ ಬಾಯಿಂದಲೇ ಕೇಳದೆ ಪಾನಾ ಕೈಗೆತ್ತಿಕೊಳ್ಳುವುದಿಲ್ಲ.

ಮೊದಲು ಕ್ಲಚ್

ಗೇರ್ ಬೀಳುತ್ತಿಲ್ಲ, ಕಿರ್ರೆನ್ನುತ್ತದೆ ಎಂದು ಬರುವ ಗಾಡಿಗಳಲ್ಲಿ ಎಷ್ಟೋ ಸಲ ಗೇರ್‌ಬಾಕ್ಸ್‌ಗೆ ಏನೂ ಆಗಿರುವುದಿಲ್ಲ. ಇಂಜಿನ್ ಆರಿಸಿ ಒಂದೊಂದಾಗಿ ಎಲ್ಲ ಗೇರ್ ಹಾಕಿ ನೋಡಿ. ಇಂಜಿನ್ ಆರಿದ್ದಾಗ ಸಲೀಸಾಗಿ ಬೀಳುವ ಗೇರ್, ಚಾಲೂ ಮಾಡಿದ ಮೇಲೆ ಮೊಂಡು ಹಿಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಅರ್ಥ. ಖಚಿತಪಡಿಸಿಕೊಳ್ಳಲು ಕ್ಲಚ್ಚನ್ನು ತಳದವರೆಗೆ ಒತ್ತಿ, ಮನಸ್ಸಿನಲ್ಲಿ ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಅಷ್ಟರಲ್ಲಿ ಒಳಗಿನ ಶಾಫ್ಟ್ ತಿರುಗುವುದು ನಿಂತಿರಬೇಕು. ಆಗಲೂ ಕಿರ್ರೆಂದರೆ ಇಂಜಿನ್ ಇನ್ನೂ ಅದನ್ನು ಎಳೆಯುತ್ತಲೇ ಇದೆ.

ಪೆಡಲನ್ನು ಎರಡು ಮೂರು ಸಲ ಪಂಪು ಹೊಡೆದಾಗ ಗೇರ್ ಸರಾಗವಾಗಿ ಬಿದ್ದರೆ ಆಯಿಲ್ ಸೋರಿಕೆ ಅಥವಾ ಗಾಳಿ ಸೇರಿದ್ದು ಕಾರಣ. ಕೆಳಗಿನ ಕ್ಲಚ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಬೆರಳಿನಿಂದ ಮಡಚಿ ನೋಡಿ. ಒಳಗೆ ಒದ್ದೆಯಿದ್ದರೆ ಕಳ್ಳ ಸಿಕ್ಕಂತೆ. ಕ್ಲಚ್‌ಗೆ ಹಾಕುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಅದನ್ನು ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಸಿಲಿಂಡರಿನ ಒಳಗೋಡೆ ತುಕ್ಕು ತಿಂದು ಕುಳಿ ಬೀಳುತ್ತದೆ. ಆ ಕುಳಿಗಳ ಮೇಲೆ ಹೊಸ ರಬ್ಬರ್ ಹಾಕಿದರೂ ನಿಲ್ಲುವುದಿಲ್ಲ, ಸಿಲಿಂಡರನ್ನೇ ಬದಲಿಸಿ.

ಹುಡುಗನ ಗಾಡಿಯಲ್ಲಿ ಕ್ಲಚ್ ಸರಿಯಿತ್ತು.

ಕಿವಿಯಿಂದ ಮಾಡುವ ಪರೀಕ್ಷೆ

ಇದು ಇಡೀ ಕೆಲಸದ ಜೀವಾಳ. ಯಾವಾಗ ಯಾವ ಶಾಫ್ಟ್ ತಿರುಗುತ್ತದೆ, ಯಾವುದರ ಮೇಲೆ ಹೊರೆ ಬೀಳುತ್ತದೆ ಎಂದು ತಿಳಿದಿದ್ದರೆ ಪೆಟ್ಟಿಗೆಯನ್ನು ಬಿಚ್ಚದೆಯೇ ಒಳಗೆ ನೋಡಬಹುದು.

ಗಾಡಿ ನಿಂತಿರಲಿ, ಇಂಜಿನ್ ಚಾಲೂ ಇರಲಿ, ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಬಿಡಿ. ಈಗ ಇಂಜಿನ್ನಿನಿಂದ ಬರುವ ಇನ್‌ಪುಟ್ ಶಾಫ್ಟ್ ಮತ್ತು ಕೆಳಗಿರುವ ಲೇ ಶಾಫ್ಟ್ ಎರಡೂ ತಿರುಗುತ್ತಿವೆ. ಚಕ್ರಗಳ ಕಡೆಗೆ ಹೋಗುವ ಮೇನ್ ಶಾಫ್ಟ್ ನಿಂತಿದೆ, ಅದರ ಮೇಲಿನ ಗೇರ್‌ಗಳು ಮಾತ್ರ ಸುಮ್ಮನೆ ಸುತ್ತುತ್ತಿವೆ. ಈ ಸ್ಥಿತಿಯಲ್ಲಿ ಗುರ್ ಎನ್ನುವ ಸದ್ದಿದ್ದು, ಕ್ಲಚ್ ಒತ್ತಿದೊಡನೆ ಅಡಗಿದರೆ ಅನುಮಾನ ಇನ್‌ಪುಟ್ ಶಾಫ್ಟ್ ಇಲ್ಲವೇ ಲೇ ಶಾಫ್ಟ್‌ನ ಬೇರಿಂಗ್‌ಗಳ ಮೇಲೆ. ತಿರುವುಮುರುವಾಗಿ, ಪೆಡಲಿಗೆ ಕಾಲು ತಾಗಿದೊಡನೆ ಸದ್ದು ಹುಟ್ಟಿದರೆ ಅದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್. ಪೆಡಲ್ ತಳ ಮುಟ್ಟಿ, ಗೇರ್ ಹಾಕಿ ನಿಂತಾಗ ಮಾತ್ರ ಕೀರಲು ಸದ್ದು ಬಂದರೆ ಫ್ಲೈವೀಲ್‌ನ ನಡುವಿನ ಪುಟ್ಟ ಪೈಲಟ್ ಬೇರಿಂಗನ್ನು ನೋಡಬೇಕು.

ಮುಂದಿನದು ರಸ್ತೆಯಲ್ಲಿ. ಕುಮಟಾದಿಂದ ಅಂಕೋಲಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಮತಟ್ಟಾದ ತುಂಡುಗಳು ಸಿಗುತ್ತವೆ. ವಾಹನ ದಟ್ಟಣೆ ಇಲ್ಲದ ಹೊತ್ತು ನೋಡಿಕೊಂಡು ಅಲ್ಲಿಗೆ ಒಯ್ಯುತ್ತೇನೆ. ಐದು ಗೇರಿನ ಹಳೆಯ ಪಿಕಪ್‌ಗಳಲ್ಲಿ ಹೆಚ್ಚಿನವುಗಳಿಗೆ ನಾಲ್ಕನೆಯದು ನೇರ ಗೇರ್. ಆ ಗೇರಿನಲ್ಲಿ ಇನ್‌ಪುಟ್ ಶಾಫ್ಟ್ ಮತ್ತು ಮೇನ್ ಶಾಫ್ಟ್ ಒಂದೇ ಸಲಾಕೆಯಂತೆ ಕೂಡಿಕೊಳ್ಳುತ್ತವೆ. ಲೇ ಶಾಫ್ಟ್ ತಿರುಗುತ್ತದೆಯೇ ಹೊರತು ಹೊರೆ ಹೊರುವುದಿಲ್ಲ. ಆದ್ದರಿಂದ ಒಂದು, ಎರಡು, ಮೂರು ಮತ್ತು ಐದರಲ್ಲಿ ಮೊರೆಯುವ ಪೆಟ್ಟಿಗೆ ನಾಲ್ಕರಲ್ಲಿ ಮೌನವಾದರೆ ಕಾಯಿಲೆ ಲೇ ಶಾಫ್ಟ್‌ನದು. ಒಂದೇ ಗೇರಿನಲ್ಲಿ ಸದ್ದಾದರೆ ಆ ಗೇರಿನ ಜೋಡಿಯ ಹಲ್ಲುಗಳು ಸವೆದಿವೆ. ಎಲ್ಲ ಗೇರಿನಲ್ಲೂ ಸದ್ದಿದ್ದು, ಓಡುತ್ತಿರುವಾಗ ಕ್ಷಣಕಾಲ ನ್ಯೂಟ್ರಲ್‌ಗೆ ತಂದರೂ ನಿಲ್ಲದೆ, ಗಾಡಿಯ ವೇಗದೊಂದಿಗೆ ಏರಿ ಇಳಿದರೆ ಹಿಂದಕ್ಕೆ ಹೋಗಿ: ಮೇನ್ ಶಾಫ್ಟ್‌ನ ಹಿಂದಿನ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್, ಸೆಂಟರ್ ಬೇರಿಂಗ್, ಡಿಫರೆನ್ಷಿಯಲ್, ಚಕ್ರದ ಬೇರಿಂಗ್. ಸಿದ್ದಾಪುರದ ಗಾಡಿಯಲ್ಲಿ ನಾನು ಈ ಒಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಹುಡುಗನ ಪಿಕಪ್ ಮೂರರಲ್ಲಿ ಜೋರಾಗಿ ಮೊರೆಯಿತು. ಎರಡು ಮತ್ತು ಐದರಲ್ಲಿ ಸ್ವಲ್ಪ ಕಡಿಮೆ. ನಾಲ್ಕಕ್ಕೆ ಹಾಕಿದೊಡನೆ ಗಾಳಿಯ ಸದ್ದು ಮಾತ್ರ ಉಳಿಯಿತು. ಅವನು ನನ್ನ ಮುಖ ನೋಡಿದ. ಅಷ್ಟು ದಿನ ಓಡಿಸಿದ್ದರೂ ಆ ವ್ಯತ್ಯಾಸಕ್ಕೆ ಕಿವಿಗೊಟ್ಟಿರಲಿಲ್ಲ.

ಗೇರ್ ಹಾರುವುದು

ಸದ್ದು ಒಂದು ಕಡೆಯಾದರೆ ಗೇರ್ ಹಾರುವುದು ಇನ್ನೊಂದು ಕಡೆ. ಎರಡಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ, ಬೇರೆ ಬೇರೆಯಾಗಿ ಹುಡುಕಬೇಕು. ಏರುವಾಗ ಇಂಜಿನ್ ಚಕ್ರಗಳನ್ನು ನೂಕುತ್ತದೆ. ಇಳಿಯುವಾಗ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಹಲ್ಲುಗಳ ಮೇಲಿನ ಒತ್ತಡ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಸವೆದ ಜಾಗ ತನ್ನನ್ನು ತೋರಿಸಿಕೊಳ್ಳುವುದು ಆ ಹೊರಳುವ ಗಳಿಗೆಯಲ್ಲಿ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಅಡಗಿ ಕೂರಬಹುದಾದ ಈ ದೋಷ ದೇವಿಮನೆಯಲ್ಲೋ ಅರಬೈಲು ಘಟ್ಟದಲ್ಲೋ ಒಂದೇ ದಿನದಲ್ಲಿ ಹೊರಬೀಳುತ್ತದೆ.

ಪೆಟ್ಟಿಗೆಯ ಹೊರಗಿನ ಕಾರಣಗಳನ್ನು ಮೊದಲು ಮುಗಿಸಿಕೊಳ್ಳಿ. ಹೊಸದಾಗಿ ಹಾಸಿದ ದಪ್ಪ ರಬ್ಬರ್ ಮ್ಯಾಟ್ ಲಿವರಿಗೆ ಅಡ್ಡ ಬಂದು ಗೇರ್ ಪೂರ್ತಿ ಕೂರದಂತೆ ತಡೆಯುತ್ತಿರಬಹುದು. ಇದನ್ನು ಕಣ್ಣಾರೆ ಕಂಡಿದ್ದೇನೆ. ಮ್ಯಾಟ್ ಕತ್ತರಿಸಿದ್ದೇ ರಿಪೇರಿ. ಲಿವರಿನ ಬುಡದ ಬುಶ್ ಸವೆದಿದ್ದರೆ ಲಿವರ್ ಗಡಿಯಾರದ ಲೋಲಕದಂತೆ ಓಲಾಡುತ್ತದೆ. ಇಂಜಿನ್ ಅಥವಾ ಗೇರ್‌ಬಾಕ್ಸ್‌ನ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಇಡೀ ಪೆಟ್ಟಿಗೆ ಹೊರಳಿ ಲಿವರನ್ನೂ ಎಳೆಯುತ್ತದೆ. ಗೇರ್‌ಬಾಕ್ಸನ್ನು ಇಂಜಿನ್ನಿಗೆ ಕೂಡಿಸುವ ಬೆಲ್ ಹೌಸಿಂಗ್‌ನ ಬೋಲ್ಟ್‌ಗಳು ಸಡಿಲಾದರೂ ಗೇರ್ ಹಾರುತ್ತದೆ, ಏಕೆಂದರೆ ಶಾಫ್ಟ್ ಇಂಜಿನ್ನಿನೊಂದಿಗೆ ನೇರ ಸಾಲಿನಲ್ಲಿ ಇರುವುದಿಲ್ಲ.

ಈ ಗಾಡಿಯಲ್ಲಿ ಮೌಂಟಿಂಗ್ ಹರಿದಿತ್ತು. ಅದನ್ನು ಬದಲಿಸಿ ಮರುದಿನ ಘಟ್ಟಕ್ಕೆ ಕಳಿಸಿದೆ. ಮೊದಲು ಪ್ರತಿ ತಿರುವಿಗೂ ಹಾರುತ್ತಿದ್ದದ್ದು ಎರಡು ಮೂರು ಸಲಕ್ಕೆ ಇಳಿಯಿತು, ನಿಲ್ಲಲಿಲ್ಲ. ಹಾಗಾದರೆ ಉಳಿದದ್ದು ಒಳಗೆ: ಗೇರನ್ನು ಹಿಡಿದಿಡುವ ಸ್ಪ್ರಿಂಗ್ ಮತ್ತು ಗುಂಡು, ಗೇರನ್ನು ಶಾಫ್ಟ್‌ಗೆ ಕೂಡಿಸುವ ಸ್ಲೀವನ್ನು ತಳ್ಳುವ ಫೋರ್ಕ್, ಹಲ್ಲುಗಳ ತುದಿ, ಇಲ್ಲವೇ ಶಾಫ್ಟ್‌ನ ಹಿಂದೆಮುಂದೆ ಆಟ.

ಎಣ್ಣೆಯ ಸಾಕ್ಷಿ

ಗೇರ್ ಆಯಿಲ್ ಬಸಿಯುವಾಗ ಒಂದು ನಿಯಮವನ್ನು ಎಂದೂ ಮುರಿಯಬೇಡಿ: ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಬಸಿಯುವ ಪ್ಲಗ್. ಮೀನು ಹೇರುವ ಗಾಡಿಗಳಲ್ಲಿ ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ತಳಕ್ಕೆ ತೊಟ್ಟಿಕ್ಕಿ ಮೇಲಿನ ಪ್ಲಗ್ ಕಚ್ಚಿಕೊಂಡಿರುತ್ತದೆ. ಕೆಳಗಿನದನ್ನು ಬಿಚ್ಚಿ ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನದು ಬರದಿದ್ದರೆ ಗಾಡಿ ಅಲ್ಲಿಯೇ ನಿಂತಿತು.

ಎಣ್ಣೆಯನ್ನು ಸ್ಟೀಲ್ ಬೋಗುಣಿಗೆ ಹಿಡಿದು ಬಿಸಿಲಿಗೆ ತನ್ನಿ. ಬಸಿಯುವ ಪ್ಲಗ್‌ನ ಅಯಸ್ಕಾಂತಕ್ಕೆ ಕಾಡಿಗೆಯಂತೆ ನುಣ್ಣಗೆ ಅಂಟಿದ ಕಪ್ಪು ಸಹಜ, ಅದಕ್ಕೆ ಹೆದರಬೇಡಿ. ಎರಡು ಬೆರಳ ನಡುವೆ ಎಣ್ಣೆಯನ್ನು ಉಜ್ಜಿ. ಹೊನ್ನಿನ ಬಣ್ಣದ ಹೊಳಪು ಕಂಡರೆ ಅದು ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಸಿಂಕ್ರೋ ರಿಂಗ್‌ನ ಹಿತ್ತಾಳೆ. ಸ್ವಲ್ಪವಿದ್ದರೆ ವಯಸ್ಸು, ತುಂಬಾ ಇದ್ದರೆ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ವಿಷಯ ಬೇರೆ. ಹುಡುಗನ ಗಾಡಿಯ ಬೋಗುಣಿಯ ತಳದಲ್ಲಿ ನುಚ್ಚಕ್ಕಿಯಷ್ಟು ದೊಡ್ಡ ಮೂರು ಚಕ್ಕೆಗಳಿದ್ದವು, ಒಂದು ಬದಿ ನಯ, ಇನ್ನೊಂದು ಬದಿ ಒರಟು. ಅಯಸ್ಕಾಂತ ಹತ್ತಿರ ತಂದಾಗ ಮೂರೂ ಟಕ್ಕನೆ ಅಂಟಿಕೊಂಡವು. ಉಕ್ಕಿನ ಹಲ್ಲಿನ ಮೇಲ್ಪದರ ಎದ್ದು ಬಂದದ್ದು. ಗೇರ್‌ಬಾಕ್ಸ್ ಇಳಿಸಲೇಬೇಕೆಂದು ನಾನು ಒಪ್ಪಿದ್ದು ಆಗ.

ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ. 2019ರಲ್ಲಿ ಮತ್ತು 2021ರಲ್ಲಿ ಗಂಗಾವಳಿ ಉಕ್ಕಿ ಹರಿದಾಗ ಅಂಕೋಲಾ ಕಡೆಯಲ್ಲಿ ಅಂಗಳದಲ್ಲೇ ಮುಳುಗಿದ ಗಾಡಿಗಳಿದ್ದವು. ಬಿಸಿಯಾದ ಪೆಟ್ಟಿಗೆ ನೀರಿಗಿಳಿದು ತಟ್ಟನೆ ತಣಿದರೆ ಮೇಲಿನ ಉಸಿರುಗೊಳವೆಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೆರೆನೀರಿನಲ್ಲಿ ಹಾದ ಗಾಡಿಯ ಗೇರ್ ಆಯಿಲನ್ನು ಅದೇ ವಾರ ಬದಲಿಸಿ. ಅದೇ ಗೊಳವೆ ಮಣ್ಣು ಕಟ್ಟಿದರೆ ಒಳಗಿನ ಒತ್ತಡ ಸೀಲ್‌ಗಳನ್ನು ದಾಟಿ ಎಣ್ಣೆಯನ್ನು ಹೊರದೂಡುತ್ತದೆ. ಸೀಲ್ ಬದಲಿಸುವ ಮೊದಲು ಅದನ್ನು ಊದಿ ನೋಡಿ.

ರಿಪೇರಿಯೋ, ಬದಲಿಯೋ

ಸಿಂಕ್ರೋ ರಿಂಗ್, ಬೇರಿಂಗ್, ಸೀಲ್, ಫೋರ್ಕ್ ಇಷ್ಟೇ ಹೋಗಿದ್ದರೆ ಅದೇ ಪೆಟ್ಟಿಗೆಯನ್ನು ಉಳಿಸಿಕೊಳ್ಳಿ. ಅಪರಿಚಿತ ಪೆಟ್ಟಿಗೆಗಿಂತ ನಿಮ್ಮದೇ ಹಳೆಯದು ಮೇಲು. ರಿಂಗನ್ನು ಗೇರಿನ ಕೋನ್ ಮೇಲೆ ಒತ್ತಿ ಹಿಡಿದು ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಬೇಕು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಗಿಂತ ಕಡಿಮೆಯಿದ್ದರೆ ರಿಂಗ್ ಮುಗಿದಿದೆ.

ಆದರೆ ಕೇಸಿಂಗ್‌ನಲ್ಲಿ ಬೇರಿಂಗ್ ಕೂರುವ ಗುಂಡಿಯೇ ಸವೆದಿದ್ದರೆ ಮರುಗದೆ ಬದಲಿಸಿ. ಇಳಿಸಿ ಬಿಚ್ಚಿದಾಗ ಇಲ್ಲಿ ಕಂಡದ್ದು ಅದೇ. ಲೇ ಶಾಫ್ಟ್‌ನ ಬೇರಿಂಗ್ ಹಿಡಿತ ಕಳೆದುಕೊಂಡು, ಅದರ ಹೊರಸುತ್ತು ಅಲ್ಯೂಮಿನಿಯಂ ಗುಂಡಿಯೊಳಗೆ ತಾನೇ ತಿರುಗಿ ತಿರುಗಿ ಗುಂಡಿಯನ್ನು ಕೋಳಿಮೊಟ್ಟೆಯಾಕಾರಕ್ಕೆ ತಂದಿತ್ತು. ಹೊಸ ಬೇರಿಂಗ್ ಇಟ್ಟರೆ ಬೆರಳಿನಿಂದ ಅಲುಗಾಡಿಸಬಹುದಿತ್ತು. ಶಾಫ್ಟ್ ಓರೆಯಾಗಿ ಮೂರನೇ ಜೋಡಿಯ ಹಲ್ಲು ಅಂಚಿನಲ್ಲಿ ಮಾತ್ರ ಕಚ್ಚಿ ಚಕ್ಕೆ ಎದ್ದಿತ್ತು. ಮೂರನೇ ಗೇರಿನ ಫೋರ್ಕ್ ಒಂದು ಬದಿಯಲ್ಲಿ ತೆಳ್ಳಗಾಗಿತ್ತು.

ಫೋರ್ಕ್ ತೋರಿಸಿ, "ಓಡಿಸುವಾಗ ಎಡಗೈ ಎಲ್ಲಿರುತ್ತದೆ?" ಎಂದು ಕೇಳಿದೆ. ಲಿವರ್ ಮೇಲೆಯೇ ಎಂದ. ಆ ಕೈಯ ಭಾರ ಲಿವರಿನಿಂದ ಫೋರ್ಕ್‌ಗೆ, ಫೋರ್ಕ್‌ನಿಂದ ತಿರುಗುತ್ತಿರುವ ಸ್ಲೀವ್‌ಗೆ ಹೋಗುತ್ತದೆ. ಸುಮ್ಮನಿಟ್ಟ ಕೈ ಎಂದು ನಮಗೆ ಅನ್ನಿಸುತ್ತದೆ, ಒಳಗೆ ಅದು ಅರದಂತೆ ತೇಯುತ್ತಿರುತ್ತದೆ. ಡೀಸೆಲ್ ಉಳಿಸಲು ಘಟ್ಟದಲ್ಲಿ ಇಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿಯುವವರೂ ಇದ್ದಾರೆ. ಪೆಟ್ಟಿಗೆಯೊಳಗೆ ಎಣ್ಣೆಯನ್ನು ಮೇಲಕ್ಕೆ ಎರಚುವುದು ತಳದಲ್ಲಿ ಮುಳುಗಿ ತಿರುಗುವ ಲೇ ಶಾಫ್ಟ್‌ನ ಗೇರ್‌ಗಳು. ಇಂಜಿನ್ ಆರಿದರೆ ಅವು ನಿಲ್ಲುತ್ತವೆ, ಆದರೆ ಮೇನ್ ಶಾಫ್ಟ್ ಚಕ್ರಗಳೊಂದಿಗೆ ಒಣಗಿ ತಿರುಗುತ್ತಲೇ ಇರುತ್ತದೆ. ಬ್ರೇಕ್‌ನ ಬೂಸ್ಟರಿಗೂ ಬಲವಿರುವುದಿಲ್ಲ, ಅದು ಜೀವಕ್ಕೇ ಅಪಾಯ. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಶಿರಸಿಯಿಂದ ಕುಮಟಾವರೆಗೆ ಎಳೆದು ತಂದರೂ ಪೆಟ್ಟಿಗೆಗೆ ಇದೇ ಗತಿ. ದೂರ ಎಳೆಯಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ ಕಳಚಿ ಎಳೆಯಿರಿ.

ಗುಜರಿಯ ಪೆಟ್ಟಿಗೆಯನ್ನು ಆರಿಸುವಾಗ

ನಾನೂ ಅವನ ಜೊತೆ ಹೋದೆ. ಇನ್‌ಪುಟ್ ಶಾಫ್ಟ್ ತುದಿಯನ್ನು ಹಿಡಿದು ಮೇಲೆ ಕೆಳಗೆ ಆಡಿಸಬೇಕು. ತುಸು ಆಟ ಸಹಜ, ಕಟಕಟ ಎಂದರೆ ಬೇಡ. ಪ್ರತಿ ಗೇರ್ ಹಾಕಿ ಕೈಯಿಂದಲೇ ತಿರುಗಿಸಿ. ಒಂದು ಸುತ್ತಿನಲ್ಲಿ ಒಂದೇ ಜಾಗದಲ್ಲಿ ತಡೆದರೆ ಅಲ್ಲಿ ಹಲ್ಲು ಮುರಿದಿದೆ. ಒಳಗಿನ ಎಣ್ಣೆಯನ್ನು ಬೆರಳಿಗೆ ತೆಗೆದು ನೋಡಿ. ಎಣ್ಣೆಯೇ ಇಲ್ಲದೆ ಒಣಗಿ ತುಕ್ಕು ಹಿಡಿದ ಪೆಟ್ಟಿಗೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ನಿಮ್ಮ ಹಳೆಯ ಕ್ಲಚ್ ಪ್ಲೇಟನ್ನು ಕೈಯಲ್ಲಿ ಒಯ್ದು ಶಾಫ್ಟ್‌ಗೆ ಏರಿಸಿ ನೋಡಿ, ಹಲ್ಲಿನ ಗೆರೆಗಳು ಹೊಂದಬೇಕು. ಬೆಲ್ ಹೌಸಿಂಗ್‌ನ ತೂತುಗಳು, ಮೌಂಟಿಂಗ್ ಜಾಗ, ಸ್ಪೀಡೋಮೀಟರ್ ಕೇಬಲ್ ಕೂರುವ ಜಾಗ, ರಿವರ್ಸ್ ಲೈಟಿನ ಸ್ವಿಚ್, ಒಟ್ಟು ಉದ್ದ ಇವೆಲ್ಲ ಒಂದೇ ಇರಲಿ. ಹೆಸರೊಂದೇ ಆದರೂ ವರ್ಷ ಬದಲಾದಂತೆ ಇವು ಬದಲಾಗುತ್ತವೆ.

ಅವನು ಮೊದಲೇ ನೋಡಿಟ್ಟಿದ್ದ ಪೆಟ್ಟಿಗೆ ಎರಡನೇ ಗೇರಿನಲ್ಲಿ ತಡೆಯಿತು. ಅದನ್ನು ಬಿಟ್ಟು ಪಕ್ಕದ್ದನ್ನು ಆರಿಸಿದೆವು. ತಂದ ಮೇಲೆ ಮುಂದಿನ ಹಿಂದಿನ ಸೀಲ್‌ಗಳನ್ನು ಹೊಸದು ಹಾಕಿದೆ.

ಇಳಿಸುವುದು, ಏರಿಸುವುದು

ಎಲ್ಲಕ್ಕಿಂತ ಮೊದಲು ಒಂದು ಮಾತು: ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆಂದು ಗಾಡಿಯ ಅಡಿಗೆ ಚಿರೆಕಲ್ಲು ಕೊಡುತ್ತಾರೆ. ಗೋಡೆಗೆ ಅದು ಗಟ್ಟಿ, ಆದರೆ ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಸುಳಿವು ಕೊಡದೆ ಒಡೆಯುತ್ತದೆ, ನೀರು ಕುಡಿದಿದ್ದರೆ ಇನ್ನೂ ಬೇಗ. ಕಬ್ಬಿಣದ ಸ್ಟ್ಯಾಂಡ್ ಅಥವಾ ದಪ್ಪ ಮರದ ದಿಮ್ಮಿ ಮಾತ್ರ ಬಳಸಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಚಕ್ರಗಳಿಗೆ ಅಡ್ಡ ಕೊಡಿ, ಏಕೆಂದರೆ ಪ್ರೊಪೆಲ್ಲರ್ ಶಾಫ್ಟ್ ಕಳಚಿದ ಕ್ಷಣ ಗೇರಿನ ಹಿಡಿತ ಹೋಗುತ್ತದೆ.

ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಅಲ್ಯೂಮಿನಿಯಂಗೂ ಉಕ್ಕಿಗೂ ನಡುವೆ ಉಪ್ಪುಗಾಳಿ ಸೇರಿದರೆ ಎರಡೂ ಬೆಸೆದಂತಾಗುತ್ತವೆ, ಅವಸರ ಮಾಡಿದರೆ ಬೋಲ್ಟ್ ತುಂಡಾಗುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆದು, ಪ್ರೊಪೆಲ್ಲರ್ ಶಾಫ್ಟ್‌ನ ಎರಡೂ ಬದಿಗೆ ಗುರುತು ಹಾಕಿ ಕಳಚಿ. ಲಿವರ್, ಕೇಬಲ್, ಸ್ವಿಚ್ಚಿನ ತಂತಿ, ಸ್ಟಾರ್ಟರ್ ಬಿಚ್ಚಿ. ಕ್ಲಚ್ ಸಿಲಿಂಡರನ್ನು ಪೈಪಿನ ಸಮೇತ ಪಕ್ಕಕ್ಕೆ ಕಟ್ಟಿ, ಪೆಡಲನ್ನು ಯಾರೂ ಒತ್ತದಂತೆ ನೋಡಿಕೊಳ್ಳಿ. ಇಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಟ್ಟ ಮೇಲೆಯೇ ಪೆಟ್ಟಿಗೆಯನ್ನು ಹೊತ್ತ ಹಿಂದಿನ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್ ಬಿಚ್ಚಬೇಕು. ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಅರ್ಧ ಬಂದಾಗ ತೂಗಬಿಟ್ಟರೆ ಇಡೀ ಭಾರ ಕ್ಲಚ್ ಪ್ಲೇಟ್‌ನ ನಡುವಿಗೆ ಬಿದ್ದು ಅದು ಸೊಟ್ಟಗಾಗುತ್ತದೆ.

ಇಳಿದ ಮೇಲೆ ಕ್ಲಚ್ ಸೆಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಇವುಗಳಲ್ಲಿ ಜಿಪುಣತನ ಬೇಡ. ಇಂಜಿನ್ನಿನ ಹಿಂದಿನ ಸೀಲ್ ಒದ್ದೆಯಿದ್ದರೆ ಅದನ್ನೂ ಹಾಕಿ. ಇವಿಷ್ಟಕ್ಕೆ ಇನ್ನೊಮ್ಮೆ ಇಳಿಸುವ ಕೂಲಿ ಇವುಗಳ ಬೆಲೆಗಿಂತ ನೋಯಿಸುತ್ತದೆ. ಹೊಸ ಪ್ಲೇಟನ್ನು ಹಳೆಯ ಇನ್‌ಪುಟ್ ಶಾಫ್ಟ್ ತೂರಿಸಿ ನಡುವಿಗೆ ತಂದು ಬಿಗಿಯಿರಿ. ಶಾಫ್ಟ್‌ನ ಗೆರೆಗಳಿಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಹೆಚ್ಚಾದರೆ ಸಿಡಿದು ಪ್ಲೇಟಿಗೆ ಅಂಟುತ್ತದೆ.

ಏರಿಸುವಾಗ ಕೊನೆಯ ಒಂದು ಸೆಂಟಿಮೀಟರ್ ಸಂದು ಉಳಿದು ಪೆಟ್ಟಿಗೆ ಮುಂದೆ ಹೋಗದಿದ್ದರೆ ಅಲ್ಲೇ ನಿಲ್ಲಿ. ಬೋಲ್ಟ್ ಬಿಗಿದು ಎಳೆದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿ ಕೇಸಿಂಗ್‌ನ ಕಿವಿ ಮುರಿದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಟಾಪ್ ಗೇರ್ ಹಾಕಿ ಹಿಂದಿನ ಶಾಫ್ಟನ್ನು ಕೈಯಿಂದ ತುಸು ತಿರುಗಿಸಿ, ಗೆರೆಗಳು ಕೂಡಿದ ಕೂಡಲೇ ಪೆಟ್ಟಿಗೆ ತಾನಾಗಿ ಒಳಸರಿಯುತ್ತದೆ. ಆಯಿಲನ್ನು ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿ. ಹಿತ್ತಾಳೆ ರಿಂಗಿನ ಹಳೆಯ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಜಿಎಲ್-4 ಹೇಳಿರುತ್ತಾರೆ. ಡಿಫರೆನ್ಷಿಯಲ್‌ಗೆ ತಂದ ಜಿಎಲ್-5 ಉಳಿದಿದೆ ಎಂದು ಅದನ್ನೇ ಸುರಿಯಬೇಡಿ, ಅದರಲ್ಲಿರುವ ರಾಸಾಯನಿಕಗಳು ಹಿತ್ತಾಳೆಗೆ ಒಗ್ಗದಿರಬಹುದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ತುಂಬುವ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ತುಂಬಿ.

ಗುಜರಿಯ ಪೆಟ್ಟಿಗೆಯಾದ್ದರಿಂದ ಐನೂರು ಕಿ.ಮೀ. ಓಡಿಸಿ ಬಾ ಎಂದು ಹೇಳಿ ಕಳಿಸಿದ್ದೆ. ಬಂದ. ಆಯಿಲ್ ಬಸಿದಾಗ ಅಯಸ್ಕಾಂತದ ಮೇಲೆ ಕಾಡಿಗೆಯಷ್ಟೇ ಕಪ್ಪಿತ್ತು, ಚುಚ್ಚುವಂಥದ್ದು ಏನೂ ಇರಲಿಲ್ಲ. ಹೊಸ ಆಯಿಲ್ ತುಂಬಿ ಇಬ್ಬರೂ ದೇವಿಮನೆಗೆ ಹೋದೆವು. ಇಳಿಯುವಾಗ ಮೂರನೇ ಗೇರಿನಲ್ಲಿಟ್ಟು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವಂತೆ ಹೇಳಿದೆ. ಇಂಜಿನ್ ಗಾಡಿಯನ್ನು ಹಿಡಿದುಕೊಂಡಿತು, ಲಿವರ್ ಇದ್ದಲ್ಲೇ ಇತ್ತು. ಅವನ ಎಡಗೈ ಎರಡು ಸಲ ಅದರ ಕಡೆಗೆ ಹೋಯಿತು. ಎರಡು ಸಲವೂ ಹಿಡಿದು ಸ್ಟೇರಿಂಗ್ ಮೇಲಿಟ್ಟೆ.